ಹೆಜ್ಜೆಗಳು ನಿಂತ ಮನೆ

ದಿಲ್ಲಿಯನ್ನು ನೋಡಹೋಗುವ ಕನ್ನಡಿಗರ ಪಟ್ಟಿಯಲ್ಲಿ ಕೆಂಪುಕೋಟೆ ಇರುತ್ತದೆ, ಕುತುಬ್ ಮಿನಾರ್ ಇರುತ್ತದೆ, ಬಿರ್ಲಾ ಮಂದಿರ ಇರುತ್ತದೆ. ಆಗ್ರಾದ ತಾಜಮಹಲಿಗೆ ಒಂದು ಇಡೀ ದಿನ ಮೀಸಲಾಗಿರುತ್ತದೆ. ರಾಜಘಾಟವನ್ನಂತೂ ಯಾರೂ ಬಿಡುವುದಿಲ್ಲ. ಕಪ್ಪು ಶಿಲೆಯ ಆ ವೇದಿಕೆಗೆ ಕೈಮುಗಿದು, ಹೂವಿಟ್ಟು, ಛಾಯಾಚಿತ್ರ ತೆಗೆಸಿಕೊಂಡು ಹೊರಟರೆ ಮಹಾತ್ಮರ ದರ್ಶನ ಮುಗಿಯಿತೆಂದೇ ಹೆಚ್ಚಿನವರ ಭಾವನೆ. ಆದರೆ ರಾಜಘಾಟ ಅವರ ದೇಹವನ್ನು ಅಗ್ನಿಗೆ ಒಪ್ಪಿಸಿದ ಸ್ಥಳ ಮಾತ್ರ. ಅವರು ಕೊನೆಯ 144 ದಿನಗಳನ್ನು ಕಳೆದ ಮನೆ, ಕೊನೆಯ ಬಾರಿ ನಡೆದ ಹಾದಿ, ಗುಂಡೇಟಿಗೆ ಕುಸಿದುಬಿದ್ದ ನೆಲ, ಇವೆಲ್ಲ ಅಲ್ಲಿಂದ ಕೆಲವು ಮೈಲಿಗಳ ದೂರದಲ್ಲಿ, ದೊಡ್ಡ ಮರಗಳ ನೆರಳಿನ ಒಂದು ಶಾಂತವಾದ ರಸ್ತೆಯಲ್ಲಿವೆ. 1948ರ ಜನವರಿ 31ರಂದು ಅಂತಿಮಯಾತ್ರೆ ಈ ಅಂತರವನ್ನು ಕ್ರಮಿಸಲು ನಾಲ್ಕು ಗಂಟೆಗೂ ಹೆಚ್ಚು ಕಾಲ ಹಿಡಿಯಿತು. ಅಷ್ಟು ಜನ ಸೇರಿದ್ದರು. ಇಂದು ಅದೇ ದೂರವನ್ನು ಮೋಟಾರಿನಲ್ಲಿ ಅರ್ಧ ಗಂಟೆಯೊಳಗೆ ದಾಟಬಹುದು. ದಾಟುವವರ ಸಂಖ್ಯೆ ಮಾತ್ರ ಕಡಮೆ.

ಆ ರಸ್ತೆಗೆ ಬ್ರಿಟಿಷರ ಕಾಲದಲ್ಲಿ ಆಲ್ಬುಕರ್ಕ್ ರಸ್ತೆ ಎಂಬ ಹೆಸರಿತ್ತು. ಈಗ ಅದು ತೀಸ್ ಜನವರಿ ಮಾರ್ಗ. ರಸ್ತೆಗಳಿಗೆ ಮಹನೀಯರ ಹೆಸರಿಡುವುದು ಎಲ್ಲ ಊರುಗಳಲ್ಲಿಯೂ ಇರುವ ರೂಢಿ. ಒಂದು ತಾರೀಖನ್ನೇ ಹೆಸರಾಗಿ ಹೊತ್ತ ಈ ರಸ್ತೆ ದಾರಿಹೋಕನಿಗೆ ಏನನ್ನೂ ವಿವರಿಸದೆ ಎಲ್ಲವನ್ನೂ ಹೇಳಿಬಿಡುತ್ತದೆ. ರಸ್ತೆಯ ಬದಿಯಲ್ಲಿರುವ ಬಿಳಿಯ ಬಂಗಲೆಯೇ ಹಿಂದಿನ ಬಿರ್ಲಾ ಭವನ, ಇಂದಿನ ಗಾಂಧಿ ಸ್ಮೃತಿ. ಉದ್ಯಮಪತಿ ಘನಶ್ಯಾಮದಾಸ್ ಬಿರ್ಲಾ ಅವರು 1928ರಲ್ಲಿ ಕಟ್ಟಿಸಿದ ಮನೆಯಿದು. ದುರಂತ ನಡೆದ ಮೇಲೆಯೂ ಬಹಳ ವರ್ಷ ಅದು ಖಾಸಗಿ ಮನೆಯಾಗಿಯೇ ಉಳಿದಿತ್ತು. ಭಾರತ ಸರ್ಕಾರ 1971ರಲ್ಲಿ ಅದನ್ನು ಕೊಂಡುಕೊಂಡಿತು. 1973ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಬಾಗಿಲು ತೆರೆಯಿತು. ಮಹಾತ್ಮರು ಮಡಿದ ಸ್ಥಳ ಜನರದಾಗಲು ಇಪ್ಪತ್ತೈದು ವರ್ಷ ಬೇಕಾಯಿತೆಂಬುದು ಸ್ವಲ್ಪ ವಿಚಿತ್ರವಾಗಿಯೇ ತೋರುತ್ತದೆ.

ಶ್ರೀಮಂತನ ಮನೆಯಲ್ಲಿ ಬಡವರ ಅತಿಥಿ

ಗಾಂಧೀಜಿ ಈ ಮನೆಗೆ ಬಂದದ್ದೂ ಬಯಸಿಯಲ್ಲ. ದಿಲ್ಲಿಗೆ ಬಂದಾಗ ಅವರು ಝಾಡಮಾಲಿಗಳ ಕೇರಿಯಲ್ಲಿ ತಂಗುವ ಪದ್ಧತಿಯನ್ನಿಟ್ಟುಕೊಂಡಿದ್ದರು. 1947ರ ಸೆಪ್ಟೆಂಬರ್ 9ರಂದು ಕಲ್ಕತ್ತೆಯಿಂದ ಬಂದು ಶಾಹ್‌ದರಾ ನಿಲ್ದಾಣದಲ್ಲಿ ಇಳಿದಾಗ, ಎದುರುಗೊಳ್ಳಲು ಬಂದಿದ್ದ ಸರ್ದಾರ್ ಪಟೇಲರು ಆ ಕೇರಿ ನಿರಾಶ್ರಿತರಿಂದ ತುಂಬಿಹೋಗಿದೆಯೆಂದು ತಿಳಿಸಿ ಬಿರ್ಲಾ ಭವನಕ್ಕೆ ಕರೆತಂದರು. ಪಂಜಾಬಿಗೆ ಹೋಗುವ ದಾರಿಯಲ್ಲಿ ಇದೊಂದು ತಂಗುದಾಣವೆಂದು ಭಾವಿಸಿ ಬಂದವರು ಇಲ್ಲಿಯೇ ಉಳಿದರು. ದಿಲ್ಲಿಯೇ ಉರಿಯುತ್ತಿರುವಾಗ ಮುಂದಕ್ಕೆ ಹೋಗುವುದೆಲ್ಲಿಗೆ?

ದೇಶವಿಭಜನೆಯ ಆ ದಿನಗಳ ದಿಲ್ಲಿಯನ್ನು ಇಂದಿನ ಓದುಗರು ಊಹಿಸಿಕೊಳ್ಳುವುದು ಕಷ್ಟ. ಪಶ್ಚಿಮ ಪಂಜಾಬಿನಲ್ಲಿ ಮನೆ, ಹೊಲ, ಹೆಂಡಿರು ಮಕ್ಕಳನ್ನು ಕಳೆದುಕೊಂಡು ಬಂದ ಹಿಂದೂ ಸಿಖ್ಖರು ಶಿಬಿರಗಳಲ್ಲಿ ಚಳಿಗೆ ನಡುಗುತ್ತಿದ್ದರು. ದಿಲ್ಲಿಯ ಮುಸಲ್ಮಾನರು ಮನೆಬಿಟ್ಟು ಪುರಾನಾ ಕಿಲಾದಲ್ಲಿ, ಹುಮಾಯೂನನ ಗೋರಿಯ ಆವರಣದಲ್ಲಿ ಜೀವ ಹಿಡಿದುಕೊಂಡಿದ್ದರು. ಎರಡೂ ಕಡೆಯವರ ಕಣ್ಣೀರನ್ನು ಕಂಡು, ಎರಡೂ ಕಡೆಯವರ ಬೈಗುಳನ್ನು ಕೇಳಿ ಆ ವೃದ್ಧರು ಪ್ರತಿದಿನ ಸಂಜೆ ಬಿರ್ಲಾ ಭವನದ ಹಿಂದಿನ ಹುಲ್ಲುಹಾಸಿನ ಮೇಲೆ ಪ್ರಾರ್ಥನಾಸಭೆ ನಡೆಸುತ್ತಿದ್ದರು. ಗೀತೆಯ ಶ್ಲೋಕಗಳೊಡನೆ ಕುರಾನಿನ ಪಠಣವೂ ಇರುತ್ತಿತ್ತು. ಸಭೆಯಲ್ಲಿ ಒಬ್ಬಿಬ್ಬರು ಎದ್ದು ಅದನ್ನು ವಿರೋಧಿಸಿದ್ದೂ ಉಂಟು. ಅವರು ಸಭಿಕರಿಗೆ ಹೇಳುತ್ತಿದ್ದ ಮಾತುಗಳನ್ನು ಆಕಾಶವಾಣಿ ಧ್ವನಿಮುದ್ರಿಸಿ ಪ್ರಸಾರಮಾಡುತ್ತಿತ್ತು.

1948ರ ಜನವರಿ 13ರಂದು ಎಪ್ಪತ್ತೆಂಟರ ಪ್ರಾಯದಲ್ಲಿ ಅವರು ಉಪವಾಸಕ್ಕೆ ಕುಳಿತರು. ಅದೇ ಕೊನೆಯ ಉಪವಾಸ. ಮುಸಲ್ಮಾನರು ನಿರ್ಭಯವಾಗಿ ಓಡಾಡುವಂತಾಗಬೇಕು, ಆಕ್ರಮಿಸಿಕೊಂಡ ಮಸೀದಿಗಳನ್ನು ಹಿಂದಿರುಗಿಸಬೇಕು, ಮೆಹ್ರೌಲಿಯ ದರ್ಗಾದಲ್ಲಿ ಉರುಸು ನಿರಾತಂಕವಾಗಿ ನಡೆಯಬೇಕು ಎಂಬಿವು ಅವರ ಷರತ್ತುಗಳಲ್ಲಿ ಕೆಲವು. ಈ ಮನೆಯ ಹೊರಗೆ ನಿಂತು ಕೆಲವರು ಗಾಂಧಿ ಸಾಯಲಿ ಎಂದು ಕೂಗಿದರು. ಅದನ್ನು ಕೇಳಿದ ಜವಾಹರಲಾಲ್ ನೆಹರೂ ಕೋಪದಿಂದ ಕಾರಿನಿಂದ ಧುಮುಕಿ ಅವರತ್ತ ನುಗ್ಗಿದರು. ಜನವರಿ 18ರಂದು ಎಲ್ಲ ಸಮುದಾಯಗಳ ಮುಖಂಡರು ಶಾಂತಿಯ ವಚನಕ್ಕೆ ಸಹಿಹಾಕಿ ಬಂದ ಮೇಲೆ, ಮೌಲಾನಾ ಆಜಾದರ ಕೈಯಿಂದ ಕಿತ್ತಿಳೆಯ ರಸ ಸ್ವೀಕರಿಸಿ ಉಪವಾಸ ಮುಗಿಸಿದರು. ಜನವರಿ 27ರಂದು ತಾವೇ ಮೆಹ್ರೌಲಿಯ ಉರುಸಿಗೆ ಹೋಗಿಬಂದರು. ಬದುಕಲು ಇನ್ನುಳಿದಿದ್ದುದು ಮೂರು ದಿನ.

ಕೋಣೆಯೊಳಗಿನ ಆಸ್ತಿ

ಸಂಗ್ರಹಾಲಯವೆಂದರೆ ಗಾಜಿನ ಬೀರುಗಳ ಸಾಲನ್ನು ನಿರೀಕ್ಷಿಸಿ ಬಂದವರಿಗೆ ಗಾಂಧೀಜಿಯ ಕೋಣೆ ಮೊದಲ ನೋಟಕ್ಕೆ ನಿರಾಶೆಯನ್ನುಂಟುಮಾಡಬಹುದು. ನೆಲದ ಮೇಲೊಂದು ಬಿಳಿಯ ಹಾಸಿಗೆ, ಒರಗುದಿಂಬು, ಮೊಣಕಾಲೆತ್ತರದ ಬರೆಯುವ ಮೇಜು, ಒಂದು ಚರಖಾ. ಬಳಿಯಲ್ಲಿ ಅವರ ಇಹಲೋಕದ ಆಸ್ತಿ: ಊರುಗೋಲು, ಕನ್ನಡಕ, ಗಡಿಯಾರ, ಊಟದ ಚಮಚ, ಮುಳ್ಳುಚಮಚ, ಚಾಕು, ಸಾಬೂನಿಗೆ ಬದಲಾಗಿ ಮೈಯುಜ್ಜಿಕೊಳ್ಳುತ್ತಿದ್ದ ಒಂದು ಒರಟು ಕಲ್ಲು. ಮಧ್ಯಮವರ್ಗದ ಒಂದು ಸಂಸಾರ ಮನೆ ಬದಲಾಯಿಸುವಾಗ ಲಾರಿಗೆ ಏರಿಸುವ ಸಾಮಾನನ್ನು ನೆನೆದುಕೊಂಡು ಈ ಕಲ್ಲಿನ ಮುಂದೆ ನಿಂತ ಗೃಹಿಣಿಯರು ಮಾತಿಲ್ಲದೆ ಹೊರಬರುವುದುಂಟು.

ಕಲ್ಲಿಗೂ ಒಂದು ಕಥೆಯಿದೆ. ಮೀರಾಬೆಹನ್ ಅವರು ಕೊಟ್ಟಿದ್ದ ಇಂಥದೊಂದು ಕಲ್ಲನ್ನು ಗಾಂಧೀಜಿ ಎಷ್ಟೋ ವರ್ಷ ಬಳಸಿದ್ದರು. 1947ರ ಜನವರಿಯಲ್ಲಿ ನೌಖಾಲಿಯ ಹಳ್ಳಿಗಳಲ್ಲಿ ಬರಿಗಾಲಿನಲ್ಲಿ ನಡೆಯುತ್ತಿದ್ದಾಗ, ಜತೆಯಲ್ಲಿದ್ದ ಮೊಮ್ಮಗಳ ವರಸೆಯ ಮನು ಅದನ್ನು ಹಿಂದಿನ ಬಿಡಾರದಲ್ಲಿಯೇ ಮರೆತುಬಂದಳು. ಕೊಲೆ ಸುಲಿಗೆಗಳು ನಡೆದ ಸೀಮೆ. ದಾರಿಯುದ್ದಕ್ಕೂ ತೆಂಗು ಅಡಕೆಯ ದಟ್ಟವಾದ ತೋಪು. ಹುಡುಗಿ ಇನ್ನೂ ಹದಿಹರೆಯದವಳು. ಅಜ್ಜ ಅವಳೊಬ್ಬಳನ್ನೇ ಹಿಂದಕ್ಕೆ ಕಳುಹಿಸಿದರು. ಕಲ್ಲನ್ನು ನಿಷ್ಪ್ರಯೋಜಕವೆಂದು ಬಗೆದು ಆ ಮನೆಯ ಮುದುಕಿ ಹೊರಗೆಸೆದಿದ್ದಳು. ಮನು ಹೇಗೋ ಹುಡುಕಿ ತಂದು, ಭಯ ಹಸಿವು ಸಿಟ್ಟುಗಳಿಂದ ಅಳುತ್ತ, ಇಗೋ ನಿಮ್ಮ ಕಲ್ಲು ಎಂದು ಅವರ ಮುಂದೆ ಬಿಸುಟಳು. ಅವರು ನಕ್ಕರು. ಅವಳ ಧೈರ್ಯವನ್ನು ಪರೀಕ್ಷಿಸುವುದೇ ಅವರ ಉದ್ದೇಶವಾಗಿತ್ತಂತೆ. ಇಂದಿನ ತಂದೆತಾಯಿಗಳು ಇದನ್ನು ಒಪ್ಪಲಾರರು, ಒಪ್ಪಬೇಕೆಂದೂ ಇಲ್ಲ. ಆದರೆ ಅದೇ ಮನು ಒಂದು ವರ್ಷದ ಬಳಿಕ ಈ ಕೋಣೆಯಿಂದ ಅವರ ಕೈಹಿಡಿದು ಹೊರಟು, ಪಿಸ್ತೂಲು ಹಿಡಿದವನನ್ನು ಎಲ್ಲರಿಗಿಂತ ಮೊದಲು ತಡೆದಳೆಂಬುದನ್ನು ನೆನೆದಾಗ ಆ ಕಲ್ಲಿನ ತೂಕ ಬೇರೆಯಾಗುತ್ತದೆ.

ಮಹಡಿಯ ಮೇಲೆ 2005ರಲ್ಲಿ ತೆರೆದ ಇನ್ನೊಂದು ಪ್ರದರ್ಶನವಿದೆ. ಮುಟ್ಟಿದರೆ ಬೆಳಗುವ, ತಿರುಗಿಸಿದರೆ ಮಾತನಾಡುವ ಯಂತ್ರಗಳ ಮೂಲಕ ಗಾಂಧೀಜಿಯ ಜೀವನವನ್ನು ತಿಳಿಸುವ ಏರ್ಪಾಡು. ಮಕ್ಕಳಿಗೆ ಅದು ಪ್ರಿಯವಾಗುತ್ತದೆ. ಅದರಿಂದ ಲಾಭವೂ ಉಂಟು. ಆದರೂ ಕೆಳಗಿನ ಬರಿದಾದ ಕೋಣೆ ಏನನ್ನೂ ಬೆಳಗಿಸದೆ ಹೇಳುವುದನ್ನು ಮೇಲಿನ ಯಂತ್ರಗಳು ಅಷ್ಟು ಚೆನ್ನಾಗಿ ಹೇಳುವುದಿಲ್ಲ. ಮಕ್ಕಳನ್ನು ಕರೆದೊಯ್ಯುವವರು ಮೊದಲು ಕೋಣೆಯನ್ನು ತೋರಿಸಿ ಆಮೇಲೆ ಮಹಡಿ ಹತ್ತಿಸುವುದು ಮೇಲು.

ಹತ್ತು ದಿನಗಳು

ಕೋಣೆಯ ಹೊರಬಾಗಿಲಿನಿಂದ ಪ್ರಾರ್ಥನಾಸ್ಥಳದವರೆಗೆ ಹಾದಿಯುದ್ದಕ್ಕೂ ಪಾದದಾಕಾರದ ಅಚ್ಚುಗಳನ್ನು ಕಟ್ಟಿದ್ದಾರೆ. ಎಡಗಾಲು, ಬಲಗಾಲು, ಎಡಗಾಲು. ಶಾಲೆಯ ಮಕ್ಕಳು ಅವುಗಳನ್ನು ಎಣಿಸುತ್ತ ಓಡುತ್ತಾರೆ. ಹಿರಿಯರು ಪಕ್ಕಕ್ಕೆ ಸರಿದು ನಡೆಯುತ್ತಾರೆ. ಹುಲ್ಲುಹಾಸಿನ ಕೆಲವು ಮೆಟ್ಟಿಲುಗಳನ್ನೇರಿದೊಡನೆ ಹೆಜ್ಜೆಗಳು ನಿಂತುಬಿಡುತ್ತವೆ. ಅಲ್ಲೊಂದು ಶಿಲಾಸ್ತಂಭ.

ಆ ಸ್ತಂಭದ ಬಳಿ ನಿಂತವರು ಸಾಮಾನ್ಯವಾಗಿ ಜನವರಿ 30ನ್ನು ನೆನೆಯುತ್ತಾರೆ. ಆದರೆ ಇದೇ ತೋಟದಲ್ಲಿ ಜನವರಿ 20ರ ಮಂಗಳವಾರ ನಡೆದುದನ್ನು ತಿಳಿಯದೆ ಈ ದುರಂತವನ್ನು ಪೂರ್ತಿಯಾಗಿ ತಿಳಿದಂತಾಗದು. ಅಂದು ಪ್ರಾರ್ಥನೆಯ ವೇಳೆಯಲ್ಲಿ ಹಿಂಬದಿಯ ಗೋಡೆಯ ಬಳಿ ಬಾಂಬೊಂದು ಸಿಡಿಯಿತು. ಸಭೆ ಗಾಬರಿಗೊಂಡಿತು, ಗಾಂಧೀಜಿ ಅಲುಗಲಿಲ್ಲ. ಸೈನಿಕರು ಎಲ್ಲಿಯೋ ಅಭ್ಯಾಸ ಮಾಡುತ್ತಿರಬೇಕೆಂದು ಅವರು ಭಾವಿಸಿದ್ದರು. ಸಿಡಿಸಿದವನು ಮದನಲಾಲ್ ಪಾಹ್ವಾ ಎಂಬ ಪಂಜಾಬಿ ನಿರಾಶ್ರಿತ, ಸ್ಥಳದಲ್ಲಿಯೇ ಸಿಕ್ಕಿಬಿದ್ದನು. ಅವನ ಸಂಗಡಿಗರು ತಪ್ಪಿಸಿಕೊಂಡರು. ಆ ಯುವಕನನ್ನು ಯಾರೂ ದ್ವೇಷಿಸಬಾರದೆಂದು ಮರುದಿನ ಪ್ರಾರ್ಥನೆಯಲ್ಲಿ ಗಾಂಧೀಜಿ ಕೇಳಿಕೊಂಡರು. ಪೋಲೀಸರ ಸಂಖ್ಯೆಯನ್ನು ಹೆಚ್ಚಿಸಲಾಯಿತು. ಸಭೆಗೆ ಬರುವವರನ್ನು ಶೋಧಿಸಲು ಮಾತ್ರ ಅವರು ಒಪ್ಪಲಿಲ್ಲ. ದೇವರ ಪ್ರಾರ್ಥನೆಗೆ ಬಂದವರ ಜೇಬು ತಡವುವುದೆ?

ಈ ನಡುವೆ ಮುಂಬಯಿಯಲ್ಲಿ ಒಬ್ಬ ಕಾಲೇಜು ಅಧ್ಯಾಪಕರು ನಿದ್ದೆಗೆಟ್ಟಿದ್ದರು. ಡಾ. ಜಗದೀಶಚಂದ್ರ ಜೈನ್ ರೂಯಿಯಾ ಕಾಲೇಜಿನಲ್ಲಿ ಹಿಂದಿ, ಅರ್ಧಮಾಗಧಿಗಳನ್ನು ಪಾಠ ಹೇಳುತ್ತಿದ್ದ ವಿದ್ವಾಂಸರು. ಹೊಟ್ಟೆಪಾಡಿಗೆ ದಾರಿಯಿಲ್ಲದೆ ಬಂದ ಮದನಲಾಲನಿಗೆ ತಮ್ಮ ಪುಸ್ತಕಗಳನ್ನು ಮಾರಿ ಕಮಿಷನ್ ಪಡೆಯಲು ಅವಕಾಶ ಕೊಟ್ಟಿದ್ದರು. ಆ ಹುಡುಗ ಜನವರಿಯ ಮೊದಲ ಭಾಗದಲ್ಲಿ ಅವರ ಬಳಿ ಬಂದು, ಗಾಂಧೀಜಿಯನ್ನು ಕೊಲ್ಲುವ ಸಂಚೊಂದು ನಡೆದಿದೆಯೆಂದೂ ತಾನೂ ಅದರಲ್ಲಿರುವೆನೆಂದೂ ಜಂಬದಿಂದ ಹೇಳಿದ್ದನು. ಸರ್ವಸ್ವವನ್ನೂ ಕಳೆದುಕೊಂಡ ಹುಡುಗರು ಆ ಕಾಲದಲ್ಲಿ ಏನೇನನ್ನೋ ಆಡುತ್ತಿದ್ದರು. ಜೈನರು ಬುದ್ಧಿಹೇಳಿ ಕಳುಹಿಸಿದರು. ಮನಸ್ಸು ತಡೆಯದೆ ಮಿತ್ರರೊಬ್ಬರ ಕಿವಿಗೂ ಹಾಕಿದರು. ಜನವರಿ 21ರ ಬೆಳಗಿನ ಪತ್ರಿಕೆಯಲ್ಲಿ ಮದನಲಾಲನ ಹೆಸರನ್ನು ಕಂಡಾಗ ಅವರಿಗೆ ಸಿಡಿಲು ಬಡಿದಂತಾಯಿತು. ಅಂದೇ ಮುಂಬಯಿ ಪ್ರಾಂತದ ಪ್ರಧಾನಿ ಬಿ. ಜಿ. ಖೇರರನ್ನೂ ಗೃಹಮಂತ್ರಿ ಮೊರಾರ್ಜಿ ದೇಸಾಯಿಯವರನ್ನೂ ಕಂಡು ತಿಳಿದುದನ್ನೆಲ್ಲ ಹೇಳಿದರು. ದೇಸಾಯಿಯವರು ಆ ಸಂಜೆಯೇ ಪೋಲೀಸ್ ಅಧಿಕಾರಿ ನಗರವಾಲಾರಿಗೆ ವಿಷಯವನ್ನೊಪ್ಪಿಸಿದರು.

ಮುಂದೆ ಆದುದನ್ನು ಓದುವಾಗ ಎಂಥವರಿಗೂ ಕೈ ಹಿಸುಕಿಕೊಳ್ಳುವಂತಾಗುತ್ತದೆ. ದಿಲ್ಲಿಯಲ್ಲಿ ಮದನಲಾಲನು ಕೊಟ್ಟ ಹೇಳಿಕೆಯಲ್ಲಿ ಪುಣೆಯ ಒಂದು ಮರಾಠಿ ಪತ್ರಿಕೆಯ ಸಂಪಾದಕನ ಸುಳಿವಿತ್ತು. ಪತ್ರಿಕೆಗಳ, ಸಂಪಾದಕರ, ಮಾಲೀಕರ ಪಟ್ಟಿ ಮುಂಬಯಿ ಸರ್ಕಾರದ ಕಡತಗಳಲ್ಲಿಯೇ ಇತ್ತು. ತೆರೆದು ನೋಡಿದ್ದರೆ ಸಂಪಾದಕನ ಜಾಗದಲ್ಲಿ ನಾಥೂರಾಮ ಗೋಡ್ಸೆಯ ಹೆಸರೂ ಮಾಲೀಕನ ಜಾಗದಲ್ಲಿ ನಾರಾಯಣ ಆಪ್ಟೆಯ ಹೆಸರೂ ಕಾಣುತ್ತಿದ್ದುವು. ದಿಲ್ಲಿಯ ಪೋಲೀಸರಿಗೂ ಮುಂಬಯಿಯ ಪೋಲೀಸರಿಗೂ ಹೊಂದಿಕೆಯಾಗಲಿಲ್ಲ. ಹೇಳಿಕೆಯ ಪ್ರತಿಯನ್ನು ಹಿಡಿದು ಪುಣೆಯ ಸಿ.ಐ.ಡಿ. ಅಧಿಕಾರಿಯೊಬ್ಬರು ಜನವರಿ 25ರಂದು ದಿಲ್ಲಿಯಿಂದ ಹೊರಟರು. ವಿಮಾನದಲ್ಲಲ್ಲ, ರೈಲಿನಲ್ಲಿ, ಅದೂ ಅಲಹಾಬಾದಿನ ಸುತ್ತುದಾರಿಯಲ್ಲಿ. ಅವರು ಮುಂಬಯಿ ತಲಪಿದುದು 27ರಂದು. ಅದೇ ದಿನ ಗೋಡ್ಸೆ, ಆಪ್ಟೆಯರು ಮುಂಬಯಿಯಿಂದ ದಿಲ್ಲಿಗೆ ಪಯಣಿಸಿದರು, ವಿಮಾನದಲ್ಲಿ.

ಈ ಹತ್ತು ದಿನಗಳ ಲೆಕ್ಕವನ್ನು ದೇಶ ಕೇಳಿದುದು ಬಹಳ ತಡವಾಗಿ. ಶಿಕ್ಷೆ ಮುಗಿಸಿ ಬಿಡುಗಡೆಯಾದವರಿಗೆ 1964ರಲ್ಲಿ ಪುಣೆಯಲ್ಲಿ ನಡೆದ ಸತ್ಕಾರ ಸಭೆಯೊಂದರಲ್ಲಿ, ಕೊಲೆಯ ಯೋಚನೆ ಮೊದಲೇ ತಿಳಿದಿತ್ತೆಂಬ ಮಾತು ಬಹಿರಂಗವಾಗಿ ಬಂದು ಕೋಲಾಹಲವೆದ್ದಿತು. ಕೊನೆಗೆ ನ್ಯಾಯಮೂರ್ತಿ ಜೀವನಲಾಲ್ ಕಪೂರರ ವಿಚಾರಣಾ ಆಯೋಗ ಎಲ್ಲವನ್ನೂ ಜಾಲಾಡಿ 1969ರಲ್ಲಿ ವರದಿಯೊಪ್ಪಿಸಿತು. ಮೇಲಿನ ಸಂಗತಿಗಳು ಇಷ್ಟು ವಿವರವಾಗಿ ತಿಳಿದಿರುವುದು ಆ ವರದಿಯಿಂದಲೇ. ಡಾ. ಜೈನರು ಅದಕ್ಕೂ ಬಹಳ ಮೊದಲೇ, 1949ರಲ್ಲಿ, ಬಾಪೂವನ್ನು ಉಳಿಸಲು ತಮ್ಮಿಂದಾಗಲಿಲ್ಲ ಎಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ಬರೆದು ತಮ್ಮ ಭಾರವನ್ನು ಇಳಿಸಿಕೊಳ್ಳಲು ನೋಡಿದರು. ಸಾಕ್ಷಿ ನುಡಿದವರಲ್ಲಿ ತನ್ನನ್ನೂ ದೂರಿಕೊಂಡವರು ಇವರೊಬ್ಬರೇನೋ! ಹುಡುಗನೊಬ್ಬನ ಮಾತನ್ನು ಹುಡುಗಾಟವೆಂದೆಣಿಸಿದ ತಪ್ಪು ಎಂಥ ಅಧ್ಯಾಪಕನಿಗೂ ಒದಗಬಹುದಾದದ್ದು.

ಶುಕ್ರವಾರದ ಸಂಜೆ

ಜನವರಿ 30, ಶುಕ್ರವಾರ. ಗಾಂಧೀಜಿ ಎಂದಿನಂತೆ ಬೆಳಗಿನ ಜಾವ ಮೂರೂವರೆಗೆ ಎದ್ದರು. ಕಾಂಗ್ರೆಸ್ಸನ್ನು ವಿಸರ್ಜಿಸಿ ಲೋಕಸೇವಕ ಸಂಘವನ್ನಾಗಿ ಮಾರ್ಪಡಿಸಬೇಕೆಂಬ ತಮ್ಮ ಕರಡನ್ನು ತಿದ್ದಿ ಕಾರ್ಯದರ್ಶಿ ಪ್ಯಾರೇಲಾಲರಿಗೆ ಕೊಟ್ಟರು. ಅಪರಾಹ್ನ ನಾಲ್ಕಕ್ಕೆ ಸರ್ದಾರ್ ಪಟೇಲರು ಮಗಳು ಮಣಿಬೆಹನ್ನರೊಡನೆ ಬಂದರು. ನೆಹರೂ ಪಟೇಲರ ನಡುವಣ ಭಿನ್ನಾಭಿಪ್ರಾಯದ ಮಾತು, ಬೇಗ ಮುಗಿಯುವಂಥದಲ್ಲ. ಸಮಯಪಾಲನೆಯಲ್ಲಿ ಎಂದೂ ತಪ್ಪದವರು ಅಂದು ಐದು ಗಂಟೆಯ ಪ್ರಾರ್ಥನೆಗೆ ಹತ್ತು ನಿಮಿಷ ತಡಮಾಡಿದರು. ಒಂದು ಬದಿಗೆ ಮನು, ಇನ್ನೊಂದು ಬದಿಗೆ ಆಭಾ. ಅವರ ಹೆಗಲ ಮೇಲೆ ಕೈಯಿಟ್ಟು, ತಡವಾದುದಕ್ಕೆ ಹುಡುಗಿಯರನ್ನು ಗದರಿಕೊಳ್ಳುತ್ತ, ನಗಿಸುತ್ತ ಬೇಗಬೇಗ ನಡೆದರು. ಮೆಟ್ಟಿಲನ್ನೇರಿ ಜನರಿಗೆ ಕೈಜೋಡಿಸಿದರು.

ಖಾಕಿ ಉಡುಪಿನ ದೃಢಕಾಯದ ಯುವಕನೊಬ್ಬನು ಗುಂಪನ್ನು ಭೇದಿಸಿಕೊಂಡು ಬಂದು ಬಾಗಿದನು. ಪಾದ ಮುಟ್ಟಲು ಬಂದನೆಂದು ಬಗೆದ ಮನು ಈಗಾಗಲೇ ತಡವಾಗಿದೆಯೆಂದು ತಡೆದಳು. ಅವನು ಅವಳನ್ನು ನೂಕಿದನು. ಕೈಯಲ್ಲಿದ್ದ ಜಪಮಾಲೆ, ಪೀಕದಾನಿ, ಟಿಪ್ಪಣಿಯ ಪುಸ್ತಕ ಕೆಳಗೆ ಬಿದ್ದುವು. ಎತ್ತಿಕೊಳ್ಳಲು ಅವಳು ಬಗ್ಗಿದಳು. ಮೂರು ಗುಂಡುಗಳು. ಆಗ ಐದು ಗಂಟೆ ಹದಿನೇಳು ನಿಮಿಷ.

ಕೊಲೆಗಾರನನ್ನು ಹಿಡಿದವರಲ್ಲಿ ರಘು ನಾಯಕ್ ಎಂಬ ಒಡಿಶಾದ ತೋಟಗಾರರೊಬ್ಬರು. ಅಮೆರಿಕದ ರಾಯಭಾರಿ ಕಚೇರಿಯ ತರುಣ ಅಧಿಕಾರಿ ಹರ್ಬರ್ಟ್ ರೈನರ್ ಇನ್ನೊಬ್ಬರು. ತುಘಲಕ್ ರೋಡ್ ಠಾಣೆಯಲ್ಲಿ ನಂದಲಾಲ್ ಮೆಹ್ತಾ ಎಂಬುವರ ದೂರನ್ನು ಉರ್ದುವಿನಲ್ಲಿ ಬರೆದುಕೊಂಡರು. ಗಾಂಧೀಜಿಯನ್ನು ಅದೇ ಕೋಣೆಗೆ ಎತ್ತಿತಂದು ಅದೇ ಹಾಸಿಗೆಯ ಮೇಲೆ ಮಲಗಿಸಿದರು.

ಹೊರಗೆ ಇನ್ನೊಂದು ಭಯ ಹೊಗೆಯಾಡುತ್ತಿತ್ತು. ಕೊಂದವನು ಮುಸಲ್ಮಾನನೆಂಬ ವದಂತಿ ಹಬ್ಬಿದ್ದರೆ ಆ ರಾತ್ರಿ ದೇಶದ ಎಷ್ಟು ಬೀದಿಗಳಲ್ಲಿ ರಕ್ತ ಹರಿಯುತ್ತಿತ್ತೋ! ಬಿರ್ಲಾ ಭವನದ ಬಾಗಿಲಲ್ಲಿಯೇ ಯಾರೋ ಹಾಗೆಂದು ಕೂಗಿದಾಗ, ಕಾರಿನಿಂದ ಇಳಿದ ಮೌಂಟ್‌ಬ್ಯಾಟನ್ನರು ಕೊಂದವನು ಹಿಂದುವೆಂದು ಗಟ್ಟಿಯಾಗಿ ಹೇಳಿದರು. ಆಕಾಶವಾಣಿ ಆರು ಗಂಟೆಗೆ ಸುದ್ದಿ ಬಿತ್ತರಿಸಿದಾಗ ಈ ಒಂದು ಸಂಗತಿಯನ್ನು ಮರೆಯದೆ ಸೇರಿಸಿತು. ದುಃಖದ ನಡುವೆ ತಲೆ ಕೆಡದೆ ಆಡಿದ ಒಂದು ವಾಕ್ಯ ಎಷ್ಟು ಜೀವಗಳನ್ನು ಉಳಿಸಿತೆಂಬುದನ್ನು ಯಾವ ಸಂಗ್ರಹಾಲಯವೂ ಗಾಜಿನ ಬೀರುವಿನಲ್ಲಿಡಲಾರದು. ಆದರೂ ದ್ವೇಷ ಪೂರ್ತಿಯಾಗಿ ತಣ್ಣಗಾಗಲಿಲ್ಲ. ಮಹಾರಾಷ್ಟ್ರದ ಹಲವೆಡೆ ಕೊಲೆಗಾರನ ಜಾತಿಯವರೆಂಬ ಒಂದೇ ಕಾರಣಕ್ಕೆ ನಿರಪರಾಧಿಗಳ ಮನೆಗಳಿಗೆ ಬೆಂಕಿ ಬಿದ್ದಿತು.

ಕೆಂಪುಕೋಟೆಯಲ್ಲಿ ನಡೆದ ಮೊಕದ್ದಮೆಯಲ್ಲಿ ನ್ಯಾಯಾಧೀಶ ಆತ್ಮಾಚರಣರು 1949ರ ಫೆಬ್ರವರಿ 10ರಂದು ತೀರ್ಪು ಕೊಟ್ಟರು. ಗೋಡ್ಸೆ, ಆಪ್ಟೆಯರನ್ನು ಅದೇ ವರ್ಷ ನವೆಂಬರ್ 15ರಂದು ಅಂಬಾಲೆಯಲ್ಲಿ ಗಲ್ಲಿಗೇರಿಸಲಾಯಿತು.

ಅಂದು ಮಹಾತ್ಮರ ಮೈಮೇಲಿದ್ದ ರಕ್ತಸಿಕ್ತ ವಸ್ತ್ರ ಇಲ್ಲಿಲ್ಲ. ಅದನ್ನು ಕಾಣಬೇಕಾದವರು ರಾಜಘಾಟದ ಎದುರಿನ ರಾಷ್ಟ್ರೀಯ ಗಾಂಧಿ ಸಂಗ್ರಹಾಲಯಕ್ಕೆ ಹೋಗಬೇಕು; ಮಧುರೆಯಲ್ಲಿ ರಾಣಿ ಮಂಗಮ್ಮಾಳಳ ಅರಮನೆಯಲ್ಲಿ 1959ರಲ್ಲಿ ತೆರೆದ ಗಾಂಧಿ ಸ್ಮಾರಕ ಸಂಗ್ರಹಾಲಯದಲ್ಲಿಯೂ ರಕ್ತದ ಕಲೆಯ ಬಟ್ಟೆಯೊಂದಿದೆ. ಚಿತಾಭಸ್ಮ ದೇಶದ ನದಿಗಳಲ್ಲೆಲ್ಲ ಹಂಚಿಹೋಯಿತು. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಗೂ ಒಂದು ಪಾಲು ಸಂದಿತು.

ಗಾಂಧಿ ಸ್ಮೃತಿಗೆ ಪ್ರವೇಶಧನವಿಲ್ಲ, ಸೋಮವಾರ ರಜೆ. ಪ್ರತಿ ವರ್ಷ ಜನವರಿ 30ರಂದು ಸ್ತಂಭದ ಬಳಿ ಎಲ್ಲ ಮತಗಳ ಪ್ರಾರ್ಥನೆ ನಡೆಯುತ್ತದೆ. ಅಂದು ಗಣ್ಯರ ಸಂದಣಿಯಿರುವುದರಿಂದ ಸಾವಧಾನವಾಗಿ ನೋಡಬಯಸುವವರು ಬೇರೆ ದಿನ ಹೋಗುವುದು ವಾಸಿ. ಬಾಡಿಗೆ ಮೋಟಾರಿನವನಿಗೆ ಬಿರ್ಲಾ ಭವನವೆಂದು ಹೇಳಿದರೆ ಬಿರ್ಲಾ ಮಂದಿರಕ್ಕೆ ಕರೆದೊಯ್ದುಬಿಟ್ಟಾನು. ತೀಸ್ ಜನವರಿ ಮಾರ್ಗವೆಂದೇ ಹೇಳಬೇಕು.